ಸೇತುವೆ ಬಂದ ಮೇಲೆ ದೋಣಿಯ ಗೆಳೆತನ ಎಲ್ಲಿಗೆ? ಪುಣೆಯ ಭೋರ್‌ನಿಂದ ಶರಾವತಿಯ ತುಮರಿವರೆಗೆ ಹಿನ್ನೀರು ಬೆಸೆದ ನಂಟು

ಭೋರ್ (ಪುಣೆ): ಬೆಂಗಳೂರಿನಿಂದ ಪುಣೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿಯಲ್ಲಿ ನೀರಾ ನದಿ ದಾಟಿ ಮುಂದೆ ಸಾಗಿದರೆ ಕಾಪೂರ್‌ಹೋಳ್ ಸಿಗುತ್ತದೆ. ಅಲ್ಲಿಂದ ಪಶ್ಚಿಮಕ್ಕೆ ತಿರುಗಿದರೆ ಭೋರ್. ಒಂದು ಕಾಲದಲ್ಲಿ ಪಂತ ಸಚಿವ ಮನೆತನದ ಸಂಸ್ಥಾನ, ಇಂದು ಪುಣೆ ಜಿಲ್ಲೆಯ ತಾಲ್ಲೂಕು ಕೇಂದ್ರ. ಸಿನಿಮಾ ಚಿತ್ರೀಕರಣಕ್ಕೆ ಹೆಸರಾದ ರಾಜವಾಡೆಯನ್ನು ನೋಡಲು ಬಂದವರು ಇನ್ನಷ್ಟು ಮುಂದೆ ಹೋದರೆ ಸಹ್ಯಾದ್ರಿಯ ಬೆಟ್ಟಗಳ ನಡುವೆ ಕೈಬೆರಳುಗಳಂತೆ ಚಾಚಿಕೊಂಡ ನೀರು ಕಾಣಿಸುತ್ತದೆ. ವೇಳವಂಡಿ ನದಿಗೆ ಅಡ್ಡಲಾಗಿ ಕಟ್ಟಿದ ಭಾಟಘರ್ ಅಣೆಕಟ್ಟೆಯ ಹಿನ್ನೀರು ಅದು. ಸಾಮರ್ಥ್ಯ ಸುಮಾರು 23.5 ಟಿಎಂಸಿ ಅಡಿ. ಪಕ್ಕದ ಕಣಿವೆಯಲ್ಲಿ ನೀರಾ ನದಿಗೆ ನೀರಾ ದೇವಘರ್ ಅಣೆಕಟ್ಟೆ ಇದೆ. ಅದರ ಸಾಮರ್ಥ್ಯ ಸುಮಾರು 11.7 ಟಿಎಂಸಿ.

ಇಲ್ಲಿ ಹರಿಯುವ ನೀರು ಕನ್ನಡಿಗರಿಗೆ ಅಪರಿಚಿತವಲ್ಲ. ವೇಳವಂಡಿ ನೀರಾ ನದಿಯನ್ನು ಸೇರುತ್ತದೆ, ನೀರಾ ನರಸಿಂಗಪುರದ ಬಳಿ ಭೀಮೆಯನ್ನು ಸೇರುತ್ತದೆ. ಭೀಮೆ ಪಂಢರಪುರ ದಾಟಿ ವಿಜಯಪುರ, ಕಲಬುರಗಿ ಜಿಲ್ಲೆಗಳನ್ನು ಹಾದು ರಾಯಚೂರಿನ ಬಳಿ ಕೃಷ್ಣೆಗೆ ಕೂಡಿಕೊಳ್ಳುತ್ತದೆ. ಭೋರ್‌ನ ಹಿನ್ನೀರಿನಲ್ಲಿ ದೋಣಿ ತೇಲಿಸುವ ನೀರಿನದೇ ಒಂದು ಪಾಲು, ಮಳೆಗಾಲದಲ್ಲಿ ಗೇಟು ತೆರೆದ ಮೇಲೆ, ರಾಯಚೂರು ತಾಲ್ಲೂಕಿನ ಕುರ್ವಕುರ್ದಾ, ಕುರ್ವಕಲಾ ನಡುಗಡ್ಡೆಗಳ ಜನ ತೆಪ್ಪ ಹಾಕುವ ನೀರಿಗೂ ಸೇರುತ್ತದೆ.

ಆದರೆ ಭೋರ್ ಮತ್ತು ಕರ್ನಾಟಕದ ನಡುವೆ ಇನ್ನೂ ಹತ್ತಿರದ ಒಂದು ಹೋಲಿಕೆ ಇದೆ. ಅದು ದೋಣಿಯದು, ದೋಣಿಯಲ್ಲಿ ಬೆಳೆದ ಗೆಳೆತನದ್ದು.

ದಖನ್‌ನಲ್ಲಿ ದೋಣಿ ಬಳಗ ಹುಟ್ಟಿದ್ದೇ ಅಣೆಕಟ್ಟೆಯಿಂದ

ಕೇರಳದ ಹಿನ್ನೀರಿನಲ್ಲೋ ಬಂಗಾಳದ ಗಂಗೆಯಲ್ಲೋ ದೋಣಿ ಹುಟ್ಟಿನಿಂದಲೇ ಜೊತೆಗಿರುವ ವಾಹನ. ದಖನ್ ಪ್ರಸ್ಥಭೂಮಿಯ ಕಥೆ ಹಾಗಲ್ಲ. ಇಲ್ಲಿನ ನದಿಗಳು ಮಳೆಯನ್ನೇ ನಂಬಿದವು. ಜುಲೈ–ಆಗಸ್ಟ್‌ನಲ್ಲಿ ದಡ ಮೀರಿ ಹರಿಯುತ್ತವೆ, ಏಪ್ರಿಲ್ ಹೊತ್ತಿಗೆ ಬಂಡೆಗಳ ನಡುವೆ ಹೊಂಡಗಳಾಗಿ ನಿಲ್ಲುತ್ತವೆ. ಹರಿಗೋಲು, ತೆಪ್ಪ ಹಾಕಿ ದಾಟುವ ಕಡವುಗಳು ಇದ್ದವು, ನದಿಯುದ್ದಕ್ಕೂ ಪಯಣಿಸುವ ರೂಢಿ ಇರಲಿಲ್ಲ. ವರ್ಷದ ಬಹುಕಾಲ ನಿಂತ, ಆಳವಾದ, ಅಗಲವಾದ ನೀರು ಸಿಕ್ಕಿದ್ದು ಅಣೆಕಟ್ಟೆಗಳು ಬಂದ ಮೇಲೆ.

1876–78ರ ಭೀಕರ ಕ್ಷಾಮದ ನಂತರ ಬಾಂಬೆ ಪ್ರಾಂತ್ಯದ ಒಣ ತಾಲ್ಲೂಕುಗಳಿಗೆ ನೀರು ಕೊಡಲು ನೀರಾ ಕಾಲುವೆ ರೂಪುಗೊಂಡಿತು. ಅದಕ್ಕೆ ನೀರು ಹಿಡಿದಿಡಲು 1890ರ ದಶಕದ ಆರಂಭದಲ್ಲಿ ಭಾಟಘರ್‌ನಲ್ಲಿ ಮೊದಲ ಅಣೆಕಟ್ಟೆ ಸಿದ್ಧವಾಯಿತು. ಆ ಕೆರೆಗೆ ಎಂಜಿನಿಯರ್ ವೈಟಿಂಗ್ ಅವರ ಹೆಸರು. ನೀರು ಸಾಲದಾದಾಗ ಅದರ ಕೆಳಗೇ ಇನ್ನೂ ಎತ್ತರದ ಹೊಸ ಕಟ್ಟೆ ಎದ್ದಿತು. ಬಾಂಬೆ ಗವರ್ನರ್ ಆಗಿದ್ದ ಜಾರ್ಜ್ ಲಾಯ್ಡ್ ಹೆಸರಿನ ಈ ಕಟ್ಟೆ 1920ರ ದಶಕದ ಕೊನೆಯಲ್ಲಿ ಪೂರ್ಣಗೊಂಡಿತು. ಉದ್ದ ಸುಮಾರು 1.6 ಕಿ.ಮೀ. ಹೊಸ ಕಟ್ಟೆಯ ನೀರಿನಲ್ಲಿ ಹಳೆಯ ಕಟ್ಟೆ ಮುಳುಗಿತು. ಇಂದು ಈ ಜಲಾಶಯಕ್ಕೆ ಶಿವಾಜಿಯ ಸಂಗಾತಿ ಯೇಸಾಜಿ ಕಂಕ ಅವರ ಹೆಸರಿದೆ.

ಶರಾವತಿಯಲ್ಲೂ ನಡೆದದ್ದು ಇದೇ. 1948ರಲ್ಲಿ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೆ ಬಂತು, ಜೋಗದ ವಿದ್ಯುತ್ ಕೇಂದ್ರಕ್ಕೆ ನೀರು ಕೊಟ್ಟಿತು. 1964ರಲ್ಲಿ ಲಿಂಗನಮಕ್ಕಿ ಪೂರ್ಣಗೊಂಡಾಗ 151 ಟಿಎಂಸಿಗೂ ಹೆಚ್ಚಿನ ನೀರಿನ ಅಡಿ ಹಿರೇಭಾಸ್ಕರವೇ ಮುಳುಗಿಹೋಯಿತು. ಒಂದು ಅಣೆಕಟ್ಟೆಯ ಹೊಟ್ಟೆಯಲ್ಲಿ ಇನ್ನೊಂದು ಅಣೆಕಟ್ಟೆ! ಬರದ ಬೇಸಿಗೆಯಲ್ಲಿ ಹಿರೇಭಾಸ್ಕರದ ಗೋಡೆ ಮೇಲೆ ಬಂದರೆ ಸಾಗರದ ಕಡೆಯ ಜನ ಅದನ್ನು ನೋಡಲು ಹೋಗುತ್ತಾರೆ. ಭೋರ್ ತಾಲ್ಲೂಕಿನಲ್ಲಿ ಹಾಗೆ ಮೇಲೆ ಬರುವುದು ವೇಳವಂಡದ ಕಾಂಬರೇಶ್ವರ ದೇವಸ್ಥಾನ. ವರ್ಷದ ಹೆಚ್ಚಿನ ಕಾಲ ನೀರಿನಡಿ ಇರುವ ಈ ಶಿವಾಲಯ ಬೇಸಿಗೆಯ ಕೊನೆಯಲ್ಲಿ ಕಾಣಿಸಿಕೊಳ್ಳುತ್ತದೆ, ಮಳೆ ಶುರುವಾದ ಮೇಲೆ ಮತ್ತೆ ಮರೆಯಾಗುತ್ತದೆ.

ಹಿನ್ನೀರಿನ ನೆನಪುಗಳನ್ನು ಅರ್ಥಮಾಡಿಕೊಳ್ಳಲು ಇದು ಗೊತ್ತಿರಬೇಕು. ಇಲ್ಲಿ ದೋಣಿ ಸಾಗುವುದು ಯಾರದೋ ಗದ್ದೆಯ ಮೇಲೆ, ಯಾವುದೋ ಊರಿನ ದೇವರ ಮೇಲೆ. ಪ್ರವಾಸಿಗರಿಗೆ ಅದು ಬರೀ ನೀಲಿ ನೀರು. ದಂಡೆಯ ಹಿರಿಯರಿಗೆ ನೀರಿನಡಿಯ ರಸ್ತೆ ಯಾವ ಕಡೆ ತಿರುಗುತ್ತಿತ್ತು ಎಂಬುದೂ ನೆನಪಿರುತ್ತದೆ.

ಲಾಂಚ್ ಎಂದರೆ ಬರೀ ಸಾರಿಗೆ ಅಲ್ಲ

ಲಿಂಗನಮಕ್ಕಿ ತುಂಬಿದಾಗ ಸಾಗರ ತಾಲ್ಲೂಕಿನ ಕರೂರು–ಬಾರಂಗಿ ಹೋಬಳಿಯ ಊರುಗಳು ತಾಲ್ಲೂಕು ಕೇಂದ್ರದಿಂದ ದೂರ ಸರಿದವು. ತುಮರಿ, ಬ್ಯಾಕೋಡು, ಸಿಗಂದೂರು ಎಲ್ಲವೂ ಆಚೆ ದಂಡೆಗೆ. ಎದುರಿಗೇ ಕಾಣುವ ಹೊಳೆಬಾಗಿಲಿಗೆ ಹೋಗಲು ರಸ್ತೆಯಲ್ಲಾದರೆ ಕಾಡು ಸುತ್ತಿ ಬರಬೇಕಿತ್ತು. ಆಗ ಕೈಹಿಡಿದದ್ದು ಲಾಂಚ್. ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆಯ ಲಾಂಚ್‌ಗಳು ಹೊಳೆಬಾಗಿಲು, ಹಸಿರುಮಕ್ಕಿ, ಮುಪ್ಪಾನೆ ಕಡವುಗಳಲ್ಲಿ ದಶಕಗಳ ಕಾಲ ಜನರನ್ನೂ ವಾಹನಗಳನ್ನೂ ದಾಟಿಸಿದವು.

ಲಾಂಚ್ ಹೇಗಿರುತ್ತದೆ ಎಂದು ನೋಡದವರಿಗೆ ಹೇಳುವುದಾದರೆ, ಅದೊಂದು ತೇಲುವ ಅಂಗಳ. ಚಪ್ಪಟೆ ಕಬ್ಬಿಣದ ಹಾಸು, ದಂಡೆಗೆ ಇಳಿಬಿಡುವ ಹಲಗೆ, ಮೇಲೊಂದು ಚಾಲಕನ ಕೋಣೆ. ಬಸ್ಸು, ಜೀಪು, ಬೈಕು, ಅಡಿಕೆ ಮೂಟೆ, ಮದುವೆ ದಿಬ್ಬಣ, ಕಾಲೇಜು ಹುಡುಗರು, ಸಿಗಂದೂರು ಚೌಡೇಶ್ವರಿಗೆ ಹರಕೆ ಹೊತ್ತವರು ಎಲ್ಲರೂ ಅದೇ ಹಾಸಿನ ಮೇಲೆ. ತೂಕ ಒಂದೇ ಕಡೆ ಬೀಳದಂತೆ ವಾಹನ ನಿಲ್ಲಿಸಬೇಕು. ಹಾಗಾಗಿ ಯಾರ ಕಾರು ಎಲ್ಲಿ ನಿಲ್ಲಬೇಕು ಎನ್ನುವುದು ಕಾರಿನ ಬೆಲೆ ನೋಡಿ ತೀರ್ಮಾನವಾಗುವುದಿಲ್ಲ, ಲಾಂಚ್ ಸಿಬ್ಬಂದಿ ಕೈ ತೋರಿಸಿದ ಕಡೆಯೇ.

ಗೆಳೆತನ ಬೆಳೆಯುವುದು ಇಲ್ಲೇ. ಬಸ್ಸಿನಲ್ಲಿ ಬೇಕೆಂದಲ್ಲಿ ಇಳಿದುಬಿಡಬಹುದು. ಲಾಂಚ್‌ನಲ್ಲಿ ಆಚೆ ದಂಡೆ ಬರುವವರೆಗೆ ಯಾರೂ ಎಲ್ಲಿಗೂ ಹೋಗುವಂತಿಲ್ಲ. ಅದಕ್ಕೂ ಮೊದಲು ಕಡವಿನಲ್ಲಿ ಕಾಯಬೇಕು. ಕಾಯುವವರು ಮಾತಾಡುತ್ತಾರೆ, ಕವಳ ಹಂಚಿಕೊಳ್ಳುತ್ತಾರೆ. ಯಾರ ಮನೆಯಲ್ಲಿ ಹುಷಾರಿಲ್ಲ, ಯಾರ ಮಗಳಿಗೆ ಗಂಡು ಗೊತ್ತಾಯಿತು, ಸಾಗರದಲ್ಲಿ ಅಡಿಕೆ ರೇಟು ಎಷ್ಟು ಎಂಬ ಸುದ್ದಿ ಅಲ್ಲೇ ದಾಟುತ್ತದೆ. ಲಾಂಚ್ ಹೊರಡುವಾಗ ದೂರದಲ್ಲಿ ಓಡಿ ಬರುವವರನ್ನು ಕಂಡು ‘ಇನ್ನೊಬ್ರು ಬಂದ್ರು, ನಿಲ್ಸಿ’ ಎಂದು ಕೂಗುವುದು ದ್ವೀಪದ ಕಡೆಯವರ ಅಲಿಖಿತ ಕಾನೂನು. ನಾಳೆ ಓಡಿ ಬರುವವರು ತಾವೇ ಆಗಿರಬಹುದಲ್ಲ!

ಸಾಹಿತಿ ನಾ. ಡಿಸೋಜ ಈ ಬದುಕನ್ನು ಹತ್ತಿರದಿಂದ ಕಂಡವರು. ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿ ಯೋಜನೆಯಲ್ಲಿ ದುಡಿದ ಅವರು ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳನ್ನು ಬರೆದರು. ‘ದ್ವೀಪ’ವನ್ನು ಗಿರೀಶ್ ಕಾಸರವಳ್ಳಿ ಸಿನಿಮಾ ಮಾಡಿದರು, ಸೌಂದರ್ಯ ನಟಿಸಿದ ಆ ಚಿತ್ರಕ್ಕೆ ಸ್ವರ್ಣಕಮಲ ಬಂತು. ಡಿಸೋಜ 2025ರ ಜನವರಿಯಲ್ಲಿ ತೀರಿಕೊಂಡರು. ಹಿನ್ನೀರಿನ ಮೇಲೆ ಸೇತುವೆ ತೆರೆದದ್ದು ಅದಾಗಿ ಆರು ತಿಂಗಳಿಗೆ.

ಸೇತುವೆ ಬಂತು, ಮುಂದೇನು?

2025ರ ಜುಲೈ 14ರಂದು ಕೇಂದ್ರ ಸಚಿವ ನಿತಿನ್ ಗಡ್ಕರಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆಯನ್ನು ಉದ್ಘಾಟಿಸಿದರು. ಕೇಬಲ್ ಆಧಾರಿತ ಈ ಸೇತುವೆಯ ಉದ್ದ ಸುಮಾರು 2.44 ಕಿ.ಮೀ, ವೆಚ್ಚ 470 ಕೋಟಿ ರೂಪಾಯಿಗೂ ಹೆಚ್ಚು. ಹೊಳೆಬಾಗಿಲಿನ ಲಾಂಚ್‌ನ ದಶಕಗಳ ಕೆಲಸ ಅಲ್ಲಿಗೆ ಮುಗಿಯಿತು. ಸಾಮಾಜಿಕ ಜಾಲತಾಣಗಳ ತುಂಬ ಲಾಂಚ್‌ನ ಫೋಟೊಗಳು, ವಿದಾಯದ ಮಾತುಗಳು.

ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ಲಾಂಚ್ ಹೋಯಿತೆಂದು ಹೆಚ್ಚು ಬೇಸರಪಟ್ಟವರು ಒಂದು ದಿನದ ಪ್ರವಾಸಕ್ಕೆ ಬರುತ್ತಿದ್ದವರು. ದ್ವೀಪದವರ ನೆನಪು ಅಷ್ಟು ಸರಳವಲ್ಲ. ಸಂಜೆಯ ಕೊನೆಯ ಲಾಂಚ್ ಹೋದ ಮೇಲೆ ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ, ಎದೆ ನೋವು ಕಾಣಿಸಿಕೊಂಡರೆ ಏನು ಮಾಡುವುದು ಎಂಬ ಭಯದಲ್ಲೇ ಎರಡು ತಲೆಮಾರು ಬದುಕಿದೆ. ಬೇಸಿಗೆಯಲ್ಲಿ ನೀರು ಇಳಿದರೆ ವಾಹನ ಹತ್ತಿಸುವುದು ನಿಲ್ಲುತ್ತಿತ್ತು. ಸಂಕ್ರಾಂತಿ ಜಾತ್ರೆಯ ಹೊತ್ತಿಗೆ ಪ್ರವಾಸಿಗರ ಕಾರುಗಳ ಸಾಲಿನ ಹಿಂದೆ ಊರಿನವರೇ ಗಂಟೆಗಟ್ಟಲೆ ಕಾಯುತ್ತಿದ್ದರು. ಸೇತುವೆ ಬೇಕೆಂದು ಹೋರಾಡಿದವರೂ ಅವರೇ, ಲಾಂಚ್ ಸಿಬ್ಬಂದಿಯನ್ನು ಮನೆಯವರಂತೆ ಕಂಡವರೂ ಅವರೇ. ಎರಡೂ ಒಟ್ಟಿಗೆ ನಿಜವಾಗಿರಲು ಅಡ್ಡಿಯಿಲ್ಲ.

ಭೋರ್‌ಗೆ ಸಮೀಪದ ಸಾತಾರಾ ಜಿಲ್ಲೆಯ ಕೊಯ್ನಾ ಹಿನ್ನೀರಿನಲ್ಲಿ ಈಗ ಇದೇ ಘಟ್ಟ. ಶಿವಸಾಗರ ಎಂದು ಕರೆಯುವ ಈ ಜಲಾಶಯದ ಬಾಮಣೋಲಿ, ತಾಪೋಳಾ ಊರುಗಳಲ್ಲಿ ಬೋಟ್ ಕ್ಲಬ್‌ಗಳಿವೆ. ಬಾಮಣೋಲಿಯಿಂದ ವಾಸೋಟಾ ಕೋಟೆಗೆ ಚಾರಣ ಹೋಗುವವರು ದೋಣಿಯಲ್ಲೇ ಕಾಡಿನ ಅಂಚಿಗೆ ಹೋಗಬೇಕು, ಸಂಜೆ ಅದೇ ದೋಣಿಯಲ್ಲಿ ಮರಳಬೇಕು. ಹಾಗಾಗಿ ಬೆಳಿಗ್ಗೆ ಗುರುತಿಲ್ಲದ ಹತ್ತು ಮಂದಿ ಸಂಜೆಗೆ ಒಂದು ತಂಡವಾಗಿರುತ್ತಾರೆ. ಒಬ್ಬ ಇಳಿಯುವುದು ತಡವಾದರೆ ಉಳಿದವರೆಲ್ಲ ಕಾಯಲೇಬೇಕು. ತಾಪೋಳಾ ಬಳಿ ಈಗ ದೊಡ್ಡ ಸೇತುವೆಯ ಕೆಲಸ ಕೈಗೆತ್ತಿಕೊಳ್ಳಲಾಗಿದೆ. ಅಲ್ಲಿಯ ದೋಣಿಯವರು ತುಮರಿಯತ್ತ ಒಮ್ಮೆ ನೋಡುವುದು ಒಳ್ಳೆಯದು.

ಪುಣೆಯ ಹುಟ್ಟುಗಾರರು

ಅನಿವಾರ್ಯಕ್ಕಾಗಿ ದೋಣಿ ಹತ್ತುವವರದು ಒಂದು ಬಳಗವಾದರೆ, ಹುಚ್ಚಿಗಾಗಿ ಹತ್ತುವವರದು ಇನ್ನೊಂದು. ಭೋರ್ ಇರುವ ಪುಣೆ ಜಿಲ್ಲೆ ಈ ಎರಡನೆಯದಕ್ಕೆ ದೇಶದಲ್ಲೇ ಹೆಸರುವಾಸಿ. ಮುಳಾ–ಮುಠಾ ದಂಡೆಯ ರಾಯಲ್ ಕೊನಾಟ್ ಬೋಟ್ ಕ್ಲಬ್ 1868ರಷ್ಟು ಹಳೆಯದು. ಪುಣೆ ಎಂಜಿನಿಯರಿಂಗ್ ಕಾಲೇಜಿನ (ಸಿಒಇಪಿ) ವಿದ್ಯಾರ್ಥಿಗಳು 1928ರಿಂದ ‘ರೆಗಾಟಾ’ ನಡೆಸುತ್ತಾ ಬಂದಿದ್ದಾರೆ. ಅತ್ತ ಭಾಟಘರ್‌ನ ಲಾಯ್ಡ್ ಕಟ್ಟೆ ಮೇಲೇಳುತ್ತಿದ್ದ ಕಾಲದಲ್ಲೇ ಇತ್ತ ಮುಳಾ ನದಿಯಲ್ಲಿ ಹುಡುಗರು ಹುಟ್ಟು ಹಿಡಿದಿದ್ದರು ಎಂದಾಯಿತು.

ಅಂದಹಾಗೆ, ಸರ್ ಎಂ. ವಿಶ್ವೇಶ್ವರಯ್ಯ ಓದಿದ್ದು ಇದೇ ಕಾಲೇಜಿನಲ್ಲಿ, ಆಗ ಅದರ ಹೆಸರು ಕಾಲೇಜ್ ಆಫ್ ಸೈನ್ಸ್. 1883ರಲ್ಲಿ ಎಂಜಿನಿಯರಿಂಗ್ ಮುಗಿಸಿದ ಅವರು ಮುಂದೆ ಪುಣೆ ಬಳಿಯ ಖಡಕವಾಸಲಾ ಕಟ್ಟೆಗೆ ಸ್ವಯಂಚಾಲಿತ ಗೇಟುಗಳನ್ನು ರೂಪಿಸಿದರು. ಕಟ್ಟೆಯ ಎತ್ತರ ಹೆಚ್ಚಿಸದೆ ಹೆಚ್ಚು ನೀರು ಹಿಡಿಯುವ ಉಪಾಯ ಅದು. ಪುಣೆ ಸುತ್ತಲಿನ ನೀರಿನ ಚರಿತ್ರೆಯಲ್ಲಿ ಕನ್ನಡಿಗರ ಪಾಲು ಹೀಗೂ ಇದೆ.

ರೆಗಾಟಾದಲ್ಲಿ ಇರುವುದು ಬರೀ ಪಂದ್ಯವಲ್ಲ. ಸಂಜೆಯಾದಂತೆ ಕಯಾಕ್‌ಗಳು, ಪಂಟ್‌ಗಳು ಸಾಲುಗಟ್ಟಿ ನೀರಿನ ಮೇಲೆ ಆಕೃತಿ ಬಿಡಿಸುತ್ತವೆ, ಪಂಜುಗಳು ಉರಿಯುತ್ತವೆ, ಬಾಣದ ಆಕಾರದಲ್ಲಿ ದೋಣಿಗಳು ಒಟ್ಟಾಗುತ್ತವೆ. ಇದಕ್ಕೆ ತಿಂಗಳುಗಟ್ಟಲೆ ಅಭ್ಯಾಸ ಬೇಕು. ದೋಣಿ ಒರೆಸಬೇಕು, ಬಿರುಕು ಮುಚ್ಚಬೇಕು, ಹೆಗಲ ಮೇಲೆ ಹೊತ್ತು ನೀರಿಗೆ ಇಳಿಸಬೇಕು. ಎಂಟು ಜನ ಕೂರುವ ಶೆಲ್ ದೋಣಿಯನ್ನು ಒಬ್ಬನೇ ಎತ್ತಲು ಸಾಧ್ಯವಿಲ್ಲ. ರೋಯಿಂಗ್‌ನಲ್ಲಿ ಇನ್ನೊಂದು ವಿಚಿತ್ರವಿದೆ: ಹುಟ್ಟು ಎಳೆಯುವವರು ಕೂರುವುದು ಹಿಂದುಮುಂದಾಗಿ. ಮುಂದೇನಿದೆ ಎಂದು ಅವರಿಗೆ ಕಾಣುವುದಿಲ್ಲ. ದಾರಿ ನೋಡುವ ಕಾಕ್ಸ್‌ನ ಮಾತನ್ನೂ, ಎದುರಿಗೆ ಕೂತವನ ಬೆನ್ನನ್ನೂ ನಂಬಿ ಎಳೆಯಬೇಕು. ಒಬ್ಬನ ಲಯ ತಪ್ಪಿದರೆ ದೋಣಿಯೇ ವಾಲುತ್ತದೆ. ನಾಲ್ಕು ವರ್ಷ ಹೀಗೆ ಕಳೆದವರು ಮುಂದೆ ಯಾವ ದೇಶದಲ್ಲಿದ್ದರೂ ರೆಗಾಟಾ ಎಂದರೆ ಕಿವಿ ನೆಟ್ಟಗೆ ಮಾಡುವುದರಲ್ಲಿ ಆಶ್ಚರ್ಯವಿಲ್ಲ.

ದಾಪೋಡಿಯ ಕಾಲೇಜ್ ಆಫ್ ಮಿಲಿಟರಿ ಎಂಜಿನಿಯರಿಂಗ್‌ನಲ್ಲಿ ಸೇನೆಯ ರೋಯಿಂಗ್ ಕೇಂದ್ರವಿದೆ. ರಿಯೊ ಒಲಿಂಪಿಕ್ಸ್‌ನಲ್ಲಿ 13ನೇ ಸ್ಥಾನ ಪಡೆದ ದತ್ತು ಭೋಕನಳ್, ಟೋಕಿಯೊದಲ್ಲಿ 11ನೇ ಸ್ಥಾನ ಪಡೆದ ಅರ್ಜುನ್ ಲಾಲ್ ಜಾಟ್–ಅರವಿಂದ್ ಸಿಂಗ್ ಜೋಡಿ ಪಳಗಿದ್ದು ಇಲ್ಲಿ. ದತ್ತು ನಾಸಿಕ್ ಜಿಲ್ಲೆಯ ಬರಪೀಡಿತ ಹಳ್ಳಿಯವರು. ನೀರಿಗಾಗಿ ಬಾವಿ ತೋಡುವ ಕೆಲಸ ಮಾಡಿದ್ದ ಹುಡುಗ ಸೇನೆ ಸೇರಿದ ಮೇಲೆಯೇ ದೋಣಿ ಹಿಡಿದದ್ದು.

ನಗರದ ಈ ಬಳಗಕ್ಕೆ ಇರುವ ಆತಂಕ ಸೇತುವೆಯದಲ್ಲ, ನೀರಿನದೇ. ಮುಳಾ–ಮುಠಾಕ್ಕೆ ಸೇರುವ ಕೊಳಚೆ, ಅದರ ಮೇಲೆ ಹಬ್ಬುವ ಅಂತರಗಂಗೆ ದೋಣಿಗೆ ದಾರಿಯನ್ನೇ ಬಿಡುವುದಿಲ್ಲ. ಅಭ್ಯಾಸಕ್ಕೆ ಮೊದಲು ಕಳೆ ತೆಗೆಯುವ ಸ್ಥಿತಿ. ಸ್ವಚ್ಛ ನೀರು ಬೇಕೆಂದರೆ ಪಶ್ಚಿಮದ ಬೆಟ್ಟಗಳ ಹಿನ್ನೀರಿನತ್ತ, ಅಂದರೆ ಪಾನಶೆತ್, ಭಾಟಘರ್ ಕಡೆಗೆ ನೋಡಬೇಕು. ವಾರಾಂತ್ಯದಲ್ಲಿ ನಗರದವರು ಆ ಕಡೆ ಹೊರಡಲು ಇದೂ ಒಂದು ಕಾರಣ.

ಗೆಳೆತನ ಸರಿ, ಲೈಫ್ ಜಾಕೆಟ್ ಎಲ್ಲಿ?

ಹಿನ್ನೀರು ಶಾಂತವಾಗಿ ಕಾಣುತ್ತದೆ, ಆದರೆ ಅದನ್ನು ಕೆರೆಯಂತೆ ಭಾವಿಸುವುದು ಅಪಾಯ. ಅಡಿಯಲ್ಲಿ ಹಳೆಯ ನದಿಪಾತ್ರ, ಗದ್ದೆಯ ಬದು, ಮರದ ಬೊಡ್ಡೆಗಳು ಇರುತ್ತವೆ. ಮೊಣಕಾಲುದ್ದ ನೀರಿನಿಂದ ಒಂದು ಹೆಜ್ಜೆ ಮುಂದಿಟ್ಟರೆ ಆಳವಾದ ಕಂದಕ ಸಿಗಬಹುದು. 2022ರ ಮೇ ತಿಂಗಳಲ್ಲಿ ಭಾಟಘರ್ ಹಿನ್ನೀರಿನಲ್ಲಿ ಐವರು ಮಹಿಳೆಯರು ಮುಳುಗಿ ಮೃತಪಟ್ಟರು. 2024ರ ಮೇ 21ರಂದು ಇದೇ ಪುಣೆ ಜಿಲ್ಲೆಯ ಅಂಚಿನಲ್ಲಿ, ಭೀಮೆಗೆ ಕಟ್ಟಿದ ಉಜನಿ ಜಲಾಶಯದಲ್ಲಿ ಕುಗಾವ್–ಕಳಾಶಿ ನಡುವೆ ಸಾಗುತ್ತಿದ್ದ ದೋಣಿ ಬಿರುಗಾಳಿಗೆ ಸಿಕ್ಕಿ ಮಗುಚಿತು. ಆರು ಮಂದಿ ಸತ್ತರು. ಒಬ್ಬರು ಈಜಿ ದಡ ಸೇರಿದರು. ಮುಂಗಾರಿಗೆ ಮೊದಲಿನ ಮೇ ತಿಂಗಳ ಸಂಜೆಗಳಲ್ಲಿ ಗಾಳಿ ದಿಢೀರನೆ ಏಳುವುದು ದಖನ್‌ನ ಸ್ವಭಾವ. ಅನುಭವಿ ಅಂಬಿಗರು ಆ ಹೊತ್ತಿನಲ್ಲಿ ಪಶ್ಚಿಮದ ಮೋಡ ನೋಡಿ ದೋಣಿ ಕಟ್ಟಿಹಾಕುತ್ತಾರೆ. ಆತುರ ಇರುವುದು ಪ್ರಯಾಣಿಕರಿಗೆ.

ಕಾನೂನು ಏನು ಹೇಳುತ್ತದೆ? 1917ರ ಹಳೆಯ ಕಾಯ್ದೆಯ ಬದಲು ಸಂಸತ್ತು 2021ರಲ್ಲಿ ಒಳನಾಡು ಹಡಗು ಕಾಯ್ದೆಯನ್ನು ತಂದಿತು. ಎಂಜಿನ್ ಇರುವ ದೋಣಿಗಳಿಗೆ ತಪಾಸಣೆ, ನೋಂದಣಿ ಕಡ್ಡಾಯ. ಒಂದು ರಾಜ್ಯದಲ್ಲಿ ಪಡೆದ ಪ್ರಮಾಣಪತ್ರ ಬೇರೆ ರಾಜ್ಯದಲ್ಲೂ ನಡೆಯುತ್ತದೆ. ಚಾಲಕ, ಸಿಬ್ಬಂದಿಗೆ ಅರ್ಹತೆ ಇರಬೇಕು, ಜೀವರಕ್ಷಕ ಸಾಧನ ಇರಬೇಕು. ಹುಟ್ಟು ಹಾಕುವ ಸಾಮಾನ್ಯ ದೋಣಿಗಳನ್ನೂ ಸ್ಥಳೀಯ ಮಟ್ಟದಲ್ಲಿ ದಾಖಲಿಸಲು ಅವಕಾಶವಿದೆ. ಕಾಗದದ ಮೇಲೆ ಇದೆಲ್ಲ ಚೆನ್ನಾಗಿಯೇ ಇದೆ. 2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆಯ ನಂತರ ದೇಶದಲ್ಲಿ 111 ರಾಷ್ಟ್ರೀಯ ಜಲಮಾರ್ಗಗಳಿವೆ, ಪಟ್ಟಿಯಲ್ಲಿ ಭೀಮಾ, ಶರಾವತಿ ಎರಡೂ ಇವೆ. ಆದರೆ ದಂಡೆಯ ಹಳ್ಳಿಯವರಿಗೆ ಬೇಕಾಗಿರುವುದು ಜಲಮಾರ್ಗದ ಸಂಖ್ಯೆಯಲ್ಲ. ಕಡವಿನಲ್ಲಿ ಪ್ರತಿಯೊಬ್ಬರಿಗೂ ಒಂದು ಲೈಫ್ ಜಾಕೆಟ್, ಎಷ್ಟು ಜನ ಹತ್ತಬಹುದು ಎಂಬ ಫಲಕ, ಆ ಫಲಕದ ಮಾತು ಕೇಳಿಸುವ ಒಬ್ಬ ಮನುಷ್ಯ.

ಪ್ರೇಮಿಗಳು ಜಲಮಾರ್ಗ ಉಳಿಸಿದ್ದೂ ಇದೆ

ದೋಣಿ ಮೋಹ ಬರೀ ನೆನಪಿನಲ್ಲೇ ಕೊನೆಯಾಗಬೇಕಿಲ್ಲ ಎನ್ನುವುದಕ್ಕೆ ಬ್ರಿಟನ್ ಉದಾಹರಣೆ. ರೈಲು, ಲಾರಿ ಬಂದ ಮೇಲೆ ಅಲ್ಲಿನ ಕಾಲುವೆಗಳು ಹೂಳು ತುಂಬಿ ಹಾಳುಬಿದ್ದಿದ್ದವು. ಎಲ್.ಟಿ.ಸಿ. ರೋಲ್ಟ್ ಎಂಬ ಎಂಜಿನಿಯರ್ ದೋಣಿಯಲ್ಲೇ ಮನೆ ಮಾಡಿ ಕಾಲುವೆಗಳಲ್ಲಿ ಸುತ್ತಿದ ಅನುಭವವನ್ನು 1944ರಲ್ಲಿ ‘ನ್ಯಾರೋ ಬೋಟ್’ ಎಂಬ ಪುಸ್ತಕವಾಗಿ ತಂದರು. ಅದನ್ನು ಓದಿದ ಲೇಖಕ ರಾಬರ್ಟ್ ಐಕ್‌ಮನ್ ಅವರನ್ನು ಹುಡುಕಿಕೊಂಡು ಬಂದರು. 1946ರಲ್ಲಿ ಇನ್‌ಲ್ಯಾಂಡ್ ವಾಟರ್‌ವೇಸ್ ಅಸೋಸಿಯೇಷನ್ ಹುಟ್ಟಿತು. ಐದೇ ವರ್ಷದಲ್ಲಿ ಗೆಳೆಯರಿಬ್ಬರೂ ಜಗಳವಾಡಿ ಬೇರೆಯಾದರು, ಅದು ಬೇರೆ ಮಾತು. ಸಂಘ ಮಾತ್ರ ಉಳಿಯಿತು. ರಜಾದಿನಗಳಲ್ಲಿ ಕಾಲುವೆಗೆ ಇಳಿದು ಸ್ವಯಂಸೇವಕರು ಹೂಳೆತ್ತಿದರು, ಎಷ್ಟೋ ಕಾಲುವೆಗಳಲ್ಲಿ ಮತ್ತೆ ದೋಣಿ ಓಡಿತು.

ಶರಾವತಿಯಲ್ಲಿ ಹಾಗೆ ಉಳಿಸಿಕೊಳ್ಳಲು ಇರುವುದೇನು? ಮುಪ್ಪಾನೆಯಂಥ ಕಡವುಗಳಿಗೆ ಲಾಂಚ್ ಇನ್ನೂ ಬೇಕು. ಹೊಳೆಬಾಗಿಲಿನಲ್ಲಿ ಲಾಂಚ್ ಓಡಿಸುತ್ತಿದ್ದವರಿಗೆ ಈ ಹಿನ್ನೀರಿನ ಆಳ, ಗಾಳಿ, ಬೇಸಿಗೆಯಲ್ಲಿ ಎದ್ದು ನಿಲ್ಲುವ ಬೊಡ್ಡೆಗಳ ಜಾಗ ಎಲ್ಲವೂ ಬಾಯಿಪಾಠ. ಅದು ಯಾವ ನಕ್ಷೆಯಲ್ಲೂ ಇಲ್ಲದ ತಿಳಿವಳಿಕೆ. ಪ್ರವಾಸಿ ದೋಣಿಗಳು ಹೆಚ್ಚಾದಂತೆ ಬೇಕಾಗುವುದೂ ಅದೇ. ಭೋರ್‌ನ ಹಿನ್ನೀರಿಗೂ ಈ ಮಾತು ಹೊಂದುತ್ತದೆ. ಟೆಂಟು, ಕಯಾಕು ತರುವವರು ಪುಣೆಯಿಂದ ಬರಬಹುದು. ಯಾವ ಮೂಲೆಯಲ್ಲಿ ಇಳಿಯಬಾರದು ಎಂದು ಗೊತ್ತಿರುವುದು ವೇಳವಂಡದ ದಂಡೆಯಲ್ಲಿ ಹುಟ್ಟಿ ಬೆಳೆದವರಿಗೆ. ಅವರಿಗೆ ತರಬೇತಿ, ಪರವಾನಗಿ, ಸಂಬಳ ಕೊಟ್ಟು ದೋಣಿಯ ಮುಂದೆ ಕೂರಿಸುವ ಕೆಲಸ ಜಿಲ್ಲಾಡಳಿತಗಳದ್ದು.

ಭಾಟಘರ್‌ನ ನೀರು ಈಗಲೂ ಪ್ರತಿ ಬೇಸಿಗೆಯಲ್ಲಿ ಕಾಲುವೆಗಳ ಮೂಲಕ ಬಾರಾಮತಿ, ಫಲಟಣ ಕಡೆಯ ಹೊಲಗಳಿಗೆ ಹರಿದು ತಳ ಮುಟ್ಟುತ್ತದೆ. ಆಗ ದೋಣಿಗಳು ಕೆಸರಿನಲ್ಲಿ ವಾಲಿಕೊಂಡು ನಿಲ್ಲುತ್ತವೆ, ಕಾಂಬರೇಶ್ವರನ ಗೋಡೆಗಳು ಒಣಗುತ್ತವೆ. ದೋಣಿ ಮತ್ತೆ ತೇಲಬೇಕಾದರೆ ಸಹ್ಯಾದ್ರಿಯಲ್ಲಿ ಮಳೆ ಹಿಡಿಯಬೇಕು.